ಜಾರುಗುಡ್ಡದ ಹೆಸರು

ಮನೆಯಿಂದ
ಆಗಸ್ಟ್ ಹತ್ತೊಂಬತ್ತು, ಭಾನುವಾರ ಬೆಳಿಗ್ಗೆ

ಪ್ರೀತಿಯ ದೊಡ್ಡ ಮಗಳಿಗೆ,

ಹೇಗಿದ್ದೀಯಮ್ಮಾ? ಕಾಲಿನ ಊತ ಇಳಿಯಿತೇ? ಏಳನೆಯ ತಿಂಗಳಲ್ಲಿ ಮಗ್ಗುಲು ಬದಲಿಸುವುದೂ ಒಂದು ಕೆಲಸವೇ ಎಂದು ನಿನ್ನಮ್ಮ ಹೇಳುತ್ತಿದ್ದಳು. ಅವಳು ಇದ್ದಿದ್ದರೆ ಈ ಹೊತ್ತಿಗೆ ನಿನ್ನ ಹತ್ತಿರ ಬಂದು ಕೂತಿರುತ್ತಿದ್ದಳು. ಡಾಕ್ಟರು ಮಲಗಿರು ಎಂದರೆ ಮಲಗಿರು. ನರ್ಸ್ ಆಗಿ ನೂರಾರು ಜನರಿಗೆ ಹೇಳಿದ ಮಾತನ್ನು ನೀನೇ ಕೇಳದಿದ್ದರೆ ಹೇಗೆ? ತಂಗಿಯ ಮುಖ ಕೊನೆಯ ಸಲ ನೋಡಲಾಗಲಿಲ್ಲ ಎಂದು ನೀನು ಫೋನಿನಲ್ಲಿ ಅತ್ತಾಗಲೆಲ್ಲ ನಾನು ಏನೋ ನೆಪ ಹೇಳಿ ಇಟ್ಟುಬಿಡುತ್ತೇನೆ. ಕೋಪ ಮಾಡಿಕೊಳ್ಳಬೇಡ. ಬಾಯಲ್ಲಿ ಹೊರಡದ್ದು ಕೈಯಲ್ಲಾದರೂ ಹೊರಡುತ್ತದೋ ಎಂದು ಬರೆಯಲು ಕೂತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗೆ ಕಂಡರೆ ನಕ್ಕುಬಿಡು. ಮೂವತ್ತೈದು ವರ್ಷ ದುಂಡಗೆ ಅಕ್ಷರ ಬರೆದೇ ಅನ್ನ ತಿಂದವನು ನಿನ್ನಪ್ಪ.

ಅವತ್ತು ಏನಾಯಿತು ಎಂದು ನೀನು ಪ್ರತಿ ಸಲ ಕೇಳುತ್ತೀಯ. ಇವತ್ತಿಗೆ ಇಪ್ಪತ್ನಾಲ್ಕು ದಿನ. ಐದು ದಿನದಿಂದ ಮಳೆ ಬಿಟ್ಟಿರಲಿಲ್ಲ. ಅಳಿಯ ಬಸ್ ಡಿಪೋಗೆ ಕೆಲಸಕ್ಕೆ ಹೋಗಿದ್ದ, ಮೊಮ್ಮಗಳು ಪುಟ್ಟಿ ಶಾಲೆಯಲ್ಲಿದ್ದಳು. ನಿನ್ನ ತಂಗಿ ಮನೆಯಲ್ಲೇ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಯಾವುದೋ ಆಸ್ಪತ್ರೆಗೆ ಇನ್ನೂರು ದಿಂಬಿನ ಚೀಲ ಹೊಲಿದು ಕೊಡಬೇಕಿತ್ತಂತೆ. ಹತ್ತೂ ಮುಕ್ಕಾಲಕ್ಕೆ ಅವರ ಮನೆಯ ಹಿಂದಿನ ಗುಡ್ಡದ ಒಂದು ಪಕ್ಕೆ ಕಳಚಿಕೊಂಡು ಬಡಾವಣೆಯ ಮೇಲಿನ ಎರಡು ಬೀದಿಗಳ ಮೇಲೆ ಬಂತು. ನಾಲ್ಕು ಮೈಲಿ ದೂರದ ನಮ್ಮ ಮನೆಯ ಕಿಟಕಿ ಅದುರಿತು. ಲಾರಿ ಹೋಯಿತೆಂದುಕೊಂಡು ನಾನು ಪತ್ರಿಕೆಯ ಪುಟ ತಿರುಗಿಸಿದೆ.

ನಾನು ಹೋಗುವಷ್ಟರಲ್ಲಿ ಪೊಲೀಸರು ಹಗ್ಗ ಕಟ್ಟಿದ್ದರು. ಹಗ್ಗದ ಆಚೆ ಬೀದಿಯೇ ಇರಲಿಲ್ಲ. ಕೆಂಪು ಮಣ್ಣು, ಮಣ್ಣಿನ ಮೇಲೆ ಯಾರದೋ ನೀರಿನ ಟ್ಯಾಂಕು, ಬೇರು ಮೇಲಾದ ಮರ. ಅಳಿಯ ಡಿಪೋದ ಖಾಕಿಯಲ್ಲೇ ಬಂದವನು ಜೆಸಿಬಿಯ ಜೊತೆ ಎರಡು ದಿನ ನಿಂತ. ಊಟಕ್ಕೆ ಕರೆದರೆ ಕಿವುಡನ ಹಾಗೆ ನೋಡುತ್ತಿದ್ದ. ಶನಿವಾರ ಮಧ್ಯಾಹ್ನ ಅವಳು ಸಿಕ್ಕಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಆಸ್ಪತ್ರೆಯ ಡಾಕ್ಟರು ನನ್ನ ಹೆಗಲ ಮೇಲೆ ಕೈಯಿಟ್ಟು, ಒಂದೇ ಕ್ಷಣದಲ್ಲಿ ಹೋಗಿದೆ, ನರಳಿಲ್ಲ ಎಂದರು. ಅದನ್ನು ನಿನಗೂ ಹೇಳಿ ಸಮಾಧಾನ ಮಾಡಬೇಕೆಂದಿದ್ದೆ. ಆದರೆ ಆ ಸಾಲಿನಲ್ಲಿ ನಾನು ಆರನೆಯವನು. ನನ್ನ ಮುಂದಿನ ಐವರಿಗೂ ಅವರು ಅದೇ ಮಾತು ಹೇಳಿದ್ದನ್ನು ಕೇಳಿಸಿಕೊಂಡಿದ್ದೆ. ಒಟ್ಟು ಐವತ್ತೆರಡು ಜನ ಹೋದರು.

ಪುಟ್ಟಿ ಮತ್ತು ಅಳಿಯ ಈಗ ನನ್ನ ಜೊತೆಗೇ ಇದ್ದಾರೆ. ಅವಳು ಶಾಲೆಗೆ ಹೋಗುತ್ತಿದ್ದಾಳೆ. ಜಡೆ ಹಾಕಲು ನನಗೆ ಬರುವುದಿಲ್ಲ, ಅಳಿಯನೇ ಹಾಕುತ್ತಾನೆ. ಇಂಜಿನ್ ಬಿಚ್ಚುವ ಆ ದಪ್ಪ ಬೆರಳುಗಳಲ್ಲಿ ಎಳೆ ಜಾರುತ್ತದೆ, ಒಂದು ಜಡೆ ಮೇಲೆ ಒಂದು ಕೆಳಗೆ. ಮಗು ಕಮಕ್ ಕಿಮಕ್ ಅನ್ನದೆ ಕೂತಿರುತ್ತದೆ. ಏಳು ವರ್ಷದ ಮಗು ಅಷ್ಟು ಸುಮ್ಮನೆ ಕೂರಬಾರದು. ಅಳಿಯ ನನ್ನನ್ನು ನೋಡಿಕೊಳ್ಳುವ ರೀತಿ ನೋಡಿದರೆ ನಾಚಿಕೆಯಾಗುತ್ತದೆ. ಮಾತ್ರೆ ತಿಂದಿರಾ ಮಾವ, ನೀರು ಕಾಯಿಸಲಾ ಮಾವ ಎನ್ನುತ್ತಾನೆ. ಭಾರ ಹೊತ್ತುಕೊಂಡಿರುವುದು ಅವನು, ಉಪಚಾರ ನನಗೆ.

ಇನ್ನು ನಿನಗೆ ಗೊತ್ತಿರದ ಸಂಗತಿಗೆ ಬರುತ್ತೇನೆ. ನೀನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಕಚೇರಿಯಿಂದ ಬಂದ ‘ನಮ್ಮ ರಾಜ್ಯ’ ಎಂಬ ದಪ್ಪ ಪುಸ್ತಕ ನೆನಪಿದೆಯಲ್ಲ? ನೆಲ, ಚರಿತ್ರೆ, ಬದುಕು ಎಂದು ಮೂರು ಭಾಗ. ಸಮುದ್ರದ ಅಂಚಿನಿಂದ ಗುಡ್ಡದ ಸಾಲು ಹತ್ತಿ ಆಚೆಯ ಬಯಲಿನವರೆಗೆ ಆರು ವರ್ಷ ಓಡಾಡಿ ಮಾಡಿದ ಕೆಲಸ. ನಕ್ಷೆಗಳೆಲ್ಲ ನನ್ನವು. ನಡುವಿನ ಭಾಗ ಬರೆದವರು ನಮ್ಮ ಚರಿತ್ರೆ ಮೇಷ್ಟ್ರು, ನಿನಗೆ ಬಳಪದ ಪೆಟ್ಟಿಗೆ ತಂದುಕೊಡುತ್ತಿದ್ದವರು. ಆ ಗುಡ್ಡಕ್ಕೆ ನಾವಿಬ್ಬರೂ ಒಟ್ಟಿಗೆ ಹೋಗಿದ್ದೆವು. ಬುಡದಲ್ಲಿ ಜಲ್ಲಿ ಒಡೆಯುತ್ತಿದ್ದ ಒಬ್ಬ ಮುದುಕಿ ಇದ್ದಳು. ಗುಡ್ಡದ ಹೆಸರೇನು ಎಂದು ಕೇಳಿದ್ದಕ್ಕೆ, “ಜಾರುಗುಡ್ಡ ಅಂತಾರೆ ಸ್ವಾಮಿ. ಒಂದ್ಸಲ ಜಾರಿದೆ, ಇನ್ನೊಂದ್ಸಲ ಜಾರೋದು ಬಾಕಿ ಇದೆ” ಎಂದಳು. ಅವಳ ಅಜ್ಜಿಯ ಕಾಲದಲ್ಲಿ ರಸ್ತೆ ಕೆಲಸದವರ ಗುಡಿಸಲ ಸಾಲೊಂದು ಪೂರ್ತಿ ಮಣ್ಣಿನಡಿ ಹೋಗಿತ್ತಂತೆ. ಮೇಷ್ಟ್ರು ಹಳೆಯ ಕಡತಗಳಲ್ಲಿ ಹುಡುಕಿದರು, ನಿಜವಾಗಿತ್ತು. ಮೊದಲ ಮುದ್ರಣದಲ್ಲಿ ಅವರು ಅದರ ಬಗ್ಗೆ ಒಂದು ಪುಟ ಬರೆದರು. ನಾನು ಇಳಿಜಾರಿನಲ್ಲಿ ಮಣ್ಣು ಕುಸಿದ ಗುರುತಿನ ಗೆರೆ ಹಾಕಿ, ಜಾರುಗುಡ್ಡ ಎಂದು ಬರೆದೆ.

ಎಂಟು ವರ್ಷದ ಮೇಲೆ ಎರಡನೆಯ ಮುದ್ರಣ. ಅಷ್ಟರಲ್ಲಿ ಅಲ್ಲಿ ಬಡಾವಣೆ ಮಾಡುವ ಯೋಜನೆ ಬಂದಿತ್ತು. ನಿರ್ದೇಶಕರು ನಮ್ಮಿಬ್ಬರನ್ನೂ ಕರೆಸಿದರು. “ಜಾರುಗುಡ್ಡ ಅಂತ ಅಚ್ಚು ಹಾಕಿದರೆ ಯಾರು ಅಲ್ಲಿ ಸೈಟು ತಗೋತಾರೆ?” ಎಂದು ನಗುತ್ತಲೇ ಕೇಳಿದರು. ಮೇಷ್ಟ್ರು ಆಗುವುದಿಲ್ಲ ಎಂದರು. ಒಂದು ವಾರ ಕಾದಾಡಿ, ಕೊನೆಗೆ ರಾಜೀನಾಮೆ ಕೊಟ್ಟು ಹೋದರು. ಅವರ ಪುಟ ಹೋಯಿತು. ನಾನು ಮುಖ್ಯ ನಕ್ಷೆಗಾರನ ಹುದ್ದೆಯ ಪಟ್ಟಿಯಲ್ಲಿ ಎರಡನೆಯವನಾಗಿದ್ದೆ. ನಿನ್ನಮ್ಮನಿಗೆ ಆಗಲೇ ಕಾಯಿಲೆ. ಇದನ್ನು ನೆಪವಾಗಿ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ನಕ್ಷೆ ಬರೆಯುವ ತೆಳ್ಳನೆಯ ಟ್ರೇಸಿಂಗ್ ಬಟ್ಟೆಯ ಮೇಲೆ ಒಣಗಿದ ಮಸಿಯನ್ನು ಅಳಿಸುವುದು ಸುಲಭವಲ್ಲ. ಅರ್ಧ ಬ್ಲೇಡಿನಿಂದ ಉಸಿರು ಬಿಗಿಹಿಡಿದು ಕೆರೆಯಬೇಕು. ಆಮೇಲೆ ಉಗುರಿನಿಂದ ಉಜ್ಜಿ ಉಜ್ಜಿ ನುಣುಪು ಮಾಡಬೇಕು, ಇಲ್ಲದಿದ್ದರೆ ಹೊಸ ಮಸಿ ಹರಡಿಕೊಳ್ಳುತ್ತದೆ. ಮಧ್ಯಾಹ್ನದ ಊಟ ಬಿಟ್ಟು ಮಾಡಿದೆ. ಗೆರೆಗಳನ್ನು ತೆಗೆದೆ, ಹೆಸರನ್ನು ತೆಗೆದೆ, ಆ ಜಾಗದಲ್ಲಿ ತಂಪುಗುಡ್ಡ ಎಂದು ಬರೆದೆ. ನಿರ್ದೇಶಕರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಏನಿತ್ತೋ ಗೊತ್ತೇ ಆಗುವುದಿಲ್ಲವಲ್ಲ ಎಂದು ಮೆಚ್ಚಿಕೊಂಡರು. ಅವತ್ತು ನನಗೆ ಖುಷಿಯೇ ಆಗಿತ್ತಮ್ಮಾ. ಅದನ್ನೂ ಬರೆಯಬೇಕು.

ಮೇಷ್ಟ್ರು ಮತ್ತೆ ನಮ್ಮ ಮನೆಗೆ ಕಾಲಿಟ್ಟಿರಲಿಲ್ಲ. ಮೊನ್ನೆ ಬಂದರು, ಕೋಲೂರಿಕೊಂಡು. ನಿನ್ನ ತಂಗಿಯ ಫೋಟೋ ಮುಂದೆ ಬಹಳ ಹೊತ್ತು ನಿಂತರು. ಈಗಲಾದರೂ ನನ್ನ ಕೆನ್ನೆಗೆ ಎರಡು ಬಾರಿಸುತ್ತಾರೆಂದು ಕಾದಿದ್ದೆ. ಅವರು ಕೂತುಕೊಂಡು ನೀರು ಕೇಳಿ ಕುಡಿದು, “ಮೊದಲನೇ ಮುದ್ರಣ ನಿಮ್ಮ ಹತ್ತಿರ ಇದೆಯಾ? ನನ್ನದಕ್ಕೆ ಗೆದ್ದಲು ಹಿಡಿದಿದೆ” ಎಂದರು. ಕಚೇರಿಯ ಗ್ರಂಥಾಲಯದಲ್ಲಿ ಅದರ ಒಂದು ಪ್ರತಿಯೂ ಈಗ ಇಲ್ಲವಂತೆ. ವಿಚಾರಣೆಗೆ ಒಬ್ಬ ನ್ಯಾಯಾಧೀಶರನ್ನು ನೇಮಿಸಿದ್ದಾರೆ, ಅದು ನಿನಗೆ ಗೊತ್ತಲ್ಲ. ಈ ಗುಡ್ಡ ಹಿಂದೆ ಕುಸಿದ ದಾಖಲೆಯೇ ಇಲ್ಲ, ಇದು ಯಾರೂ ಎಣಿಸಲಾಗದ ಆಪತ್ತು ಎಂದು ಇಲಾಖೆಯವರು ಹೇಳಿಕೆ ಕೊಟ್ಟಿದ್ದಾರೆ. ಮೇಷ್ಟ್ರು ಎರಡನೆಯ ಮುದ್ರಣದ ಮೂರನೆಯ ಭಾಗ ತೆರೆದು ತೋರಿಸಿದರು. ಕೆಲಸದ ಹಾಡುಗಳ ಅಧ್ಯಾಯದಲ್ಲಿ ಜಲ್ಲಿ ಒಡೆಯುವವರ ಒಂದು ಹಾಡಿದೆ: ‘ಜಾರುಗುಡ್ಡದ ಕೆಳಗೆ ಜೋಲಿ ಕಟ್ಟಬೇಡ, ತಂಗಿ, ಮಗು ಎದ್ದರೂ ಗುಡ್ಡ ಏಳಗೊಡದು.’ ನೆಲವನ್ನೂ ಚರಿತ್ರೆಯನ್ನೂ ತಿದ್ದಿದವರು ಹಾಡುಗಳನ್ನು ಓದುವ ಗೋಜಿಗೇ ಹೋಗಿರಲಿಲ್ಲ. ನಾನೂ ಓದಿರಲಿಲ್ಲ.

ಮೊದಲ ಮುದ್ರಣ ನನ್ನ ಪೆಟ್ಟಿಗೆಯಲ್ಲಿದೆ. ಮಂಗಳವಾರ ಹನ್ನೊಂದು ಗಂಟೆಗೆ ಮೇಷ್ಟ್ರ ಜೊತೆ ಹೋಗಿ ಅದನ್ನು ನ್ಯಾಯಾಧೀಶರ ಮುಂದಿಟ್ಟು, ಅಳಿಸಿದ ಕೈ ನನ್ನದು ಎಂದು ಹೇಳುತ್ತೇನೆ. ನಿರ್ದೇಶಕರು ತೀರಿಕೊಂಡು ಒಂಬತ್ತು ವರ್ಷವಾಯಿತು, ಅವರ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದಿಲ್ಲ. ಪಿಂಚಣಿ ನಿಲ್ಲಬಹುದು, ಕೇಸೂ ಆಗಬಹುದು. ಪತ್ರಿಕೆಯಲ್ಲಿ ನನ್ನ ಫೋಟೋ ಬರುವ ಮೊದಲು ನನ್ನಿಂದಲೇ ನಿನಗೆ ತಿಳಿಯಲಿ ಎಂದು ಇಷ್ಟೆಲ್ಲ ಬರೆದೆ. ನೀನು ಇದಕ್ಕಾಗಿ ಎದ್ದು ಓಡಿ ಬರಬೇಡ. ಹೊಟ್ಟೆಯಲ್ಲಿರುವ ಕೂಸು ಮೊದಲು. ಹೊತ್ತಿಗೆ ಸರಿಯಾಗಿ ಉಣ್ಣು, ಎಡಮಗ್ಗುಲಲ್ಲಿ ಮಲಗು. ನಿನ್ನ ಮನೆಯವರಿಗೆ ನನ್ನ ನೆನಪು ಹೇಳು. ನಿನಗೂ ನಿನ್ನ ಕೂಸಿಗೂ ಒಳ್ಳೆಯದಾಗಲಿ. ಆಶೀರ್ವಾದ ಮಾಡುವ ಯೋಗ್ಯತೆ ಉಳಿದಿದೆಯೋ ಇಲ್ಲವೋ, ಹಾರೈಕೆಯಂತೂ ಇದೆ.

ನಿನ್ನ
ಅಪ್ಪ

ಲಕೋಟೆಗೆ ಅಂಟು ಹಚ್ಚುವ ಮುಂಚೆ: ಹೇಳಬೇಕಾದದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದಿದ್ದೇನೆ. ಆರು ವರ್ಷದ ಹಿಂದೆ ಆ ಮನೆ ಕೊಳ್ಳುವ ಮೊದಲು ನಿನ್ನ ತಂಗಿ ನನ್ನ ಹತ್ತಿರ ಬಂದಿದ್ದಳು. ಎರಡನೆಯ ಮುದ್ರಣದ ನಕ್ಷೆ ನನ್ನ ಮುಂದೆ ಬಿಡಿಸಿ, “ಅಪ್ಪಾ, ಇದು ನೀವೇ ಬರೆದಿದ್ದಲ್ವಾ, ನೀವು ಹೇಳಿ, ಜಾಗ ಹೇಗಿದೆ?” ಎಂದು ಕೇಳಿದಳು. ನಕ್ಷೆ ತಿದ್ದಿ ಹತ್ತು ವರ್ಷವಾದರೂ ಏನೂ ಆಗಿರಲಿಲ್ಲ. ನಿಜ ಹೇಳಿದರೆ ಅವಳು ನನ್ನನ್ನು ನೋಡುವ ನೋಟ ಬದಲಾಗುತ್ತಿತ್ತು. “ಒಳ್ಳೆ ಜಾಗ, ತಗೊಳ್ಳಮ್ಮ” ಎಂದೆ. ಇದನ್ನು ಯಾವ ವಿಚಾರಣೆಯಲ್ಲೂ ಯಾರೂ ಕೇಳುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ. ಅಳಿಯನಿಗೂ ಗೊತ್ತಿಲ್ಲ. ಜಗಲಿಯಲ್ಲಿ ಮಗುವಿಗೆ ಜಡೆ ಹಾಕಿ ಮುಗಿಸಿದ್ದಾನೆ, ಹೋಗಿ ಹೇಳಿ ಬರುತ್ತೇನೆ.

ಹೇಳಿದೆ. ಒಳಗೆ ಹೋಗಿ ಪುಟ್ಟಿಯ ಬಟ್ಟೆ ಮಡಚಿ ಚೀಲಕ್ಕೆ ಹಾಕುತ್ತಿದ್ದಾನೆ.