ಮೊದಲ ಸೂಜಿ ಗೋದಾಗೆ

ಚೂಡಾ,

ಸೋಮನಹಳ್ಳಿಯಲ್ಲೂ ಇಲಿ ಸತ್ತು ಬಿದ್ದಿದೆಯಂತೆ. ಪ್ಲೇಗಿನ ಸೂಜಿ ಹಾಕೋಕೆ ನರ್ಸುಗಳು ಸಾಲದು ಅಂತ ಆಸ್ಪತ್ರೆಯಿಂದ ಗಾಡಿ ಕಳಿಸಿದಾರೆ, ಹೊರಟೆ. ನೀವಿಬ್ಬರೂ ತಬ್ಬಿಕೊಂಡು ಮಲಗಿದ್ರಿ, ಎಬ್ಬಿಸಲಿಲ್ಲ.

ಗೋದಾ ತೋಳು ಇನ್ನೂ ಊದಿದೆ. ಬಿಸಿನೀರಲ್ಲಿ ಬಟ್ಟೆ ಅದ್ದಿ ಒತ್ತು. ಗಂಜಿ ಕುಡಿಸು. ಏನೇ ಮರೆತಿದ್ದರೂ ಪ್ಲೇಗು ಹೋಗೋವರೆಗೂ ಊರೊಳಗಿನ ಮನೆಗೆ ಹೋಗಬೇಡ, ಊರಾಚೆ ಈ ಗುಡಿಸಲಲ್ಲಿ ಇರೋದರಲ್ಲೇ ಅಡಿಗೆ ಮಾಡು.

ಸ್ಕೂಲು ಮುಚ್ಚಿದ್ದು ನಿಮ್ಮಂಥ ಮೇಡಂಗಳಿಗೆ ಒಳ್ಳೇದೇ ಆಯ್ತು. ಇಡೀ ದಿನ ನನ್ನ ಮಗಳು ನಿನ್ನ ಮಡಿಲಲ್ಲಿ. ನನ್ನ ಕಂಡರೆ ನಿನ್ನ ಸೆರಗಿನ ಹಿಂದೆ ಅವಿತುಕೊಳ್ತಾಳೆ. ನಮ್ಮೂರು ಗುತ್ತಲಿನ ಹೆಂಗಸರು ಹೆದರಿ ತೋಳು ಕೊಡಲಿಲ್ಲ ಅಂತ ಎಲ್ಲರೆದುರಿಗೆ ಮೊದಲು ಇವಳಿಗೇ ಚುಚ್ಚಿದೆ. ಆಮೇಲೆ ಅವರೆಲ್ಲ ಸಾಲಾಗಿ ಬಂದು ನಿಂತರು. ಇವಳು ಮಾತ್ರ ಅಳ್ತಾ ನಿನ್ನ ಹತ್ತಿರ ಓಡಿದಳು.

ನಿನ್ನೆ ಸಂಜೆ ಜ್ವರ ಇದೆಯಾ ಅಂತ ಹಣೆ ಮುಟ್ಟಿದರೆ, ನಿದ್ದೆಗಣ್ಣಲ್ಲೇ ನನ್ನ ಕೈ ತಳ್ಳಿ "ಚಿಕ್ಕಮ್ಮ ಬೇಕು" ಅಂದಳು. ಒಲೆ ಮುಂದೆ ಕೂತು ನೀನು ನಕ್ಕಿದ್ದು ನನಗೆ ಕೇಳಿಸಿತು ಕಣೇ.

ಅವಳಿಗೆ ಜಡೆ ಹಾಕಬೇಡ. ಕೆದರಿಕೊಂಡೇ ಇರಲಿ, ನಾನು ಬಂದು ಹಾಕ್ತೀನಿ.

ಸಂಜೆ ನಿನಗೂ ಸೂಜಿ. ಇನ್ನು ನೆಗಡಿ ಅಂತ ನೆಪ ಹೇಳಿದರೆ ಕೇಳಲ್ಲ. ಗೋದಾ ಎದುರಿಗೇ ಚುಚ್ತೀನಿ, ಅಮ್ಮ ಎಲ್ಲರಿಗೂ ಚುಚ್ತಾಳೆ ಅಂತ ಅವಳೂ ನೋಡಲಿ. ಆದರೆ ನೀನು ಅಳಕೂಡದು. ಅತ್ತರೆ ಅವಳು ಬಂದು ನಿನ್ನ ಕಣ್ಣೊರೆಸ್ತಾಳೆ. ಅದೊಂದನ್ನ ನನ್ನ ಕೈಲಿ ನೋಡೋಕಾಗಲ್ಲ.

ಅಕ್ಕ