ಅವರೇ ಮಾತಾಡ್ಬೇಕು ಮೇಡಂ

ಸರೋಜಕ್ಕಾ,

ನಿನ್ನ ತಿಂಗಳ ತಿಥಿ ಮುಗಿಸಿದ ಮಾರನೇ ದಿನ ನಿನ್ನ ಫೋನು ಸದ್ದು ಮಾಡ್ತು. "ಸರೋಜಮ್ಮನವರೇ, ಧನ್ಯವಾದ. ನಿಮ್ಮ ಸದಸ್ಯತ್ವ ಇನ್ನೊಂದು ವರ್ಷ ಮುಂದುವರಿದಿದೆ." ಮಗ್ಗದ ಮುಂದೆ ನಿಂತಿದ್ದವಳು ಮಗ್ಗ ನಿಲ್ಲಿಸಿ ಆ ಮೆಸೇಜನ್ನ ಇನ್ನೊಂದು ಸಲ ಓದಿದೆ. ಸತ್ತವಳಿಗೆ ಯಾರು ಧನ್ಯವಾದ ಹೇಳ್ತಿದಾರೆ ಅಂತ...

ಆಮೇಲೆ ನೆನಪಾಯ್ತು. ದೊಡ್ಡಬಳ್ಳಾಪುರದ ನಮ್ಮನೆ ಜಗಲಿ ಮೇಲೆ ಕೂತು ನಾವು ಹಾಡಿದ್ದನ್ನ ರೆಕಾರ್ಡ್ ಮಾಡೋ ಆ ಆ್ಯಪ್ ಹಾಕ್ಕೊಂಡಿದ್ದೆಯಲ್ಲ. "ಏಳು ದಿನ ಪುಕ್ಕಟೆ ಕಣೇ, ಆಮೇಲೆ ತೆಗೆದ್ರಾಯ್ತು" ಅಂದಿದ್ದೆ. ತೆಗೆಯೋದು ಹೇಗೆ ಅಂತ ನಿನಗಾದ್ರೂ ಗೊತ್ತಿತ್ತಾ? ಹೋದ ವರ್ಷ ದುಡ್ಡು ಹೋಯ್ತು. ಈ ವರ್ಷವೂ ತಾನಾಗೇ...

ಕಂಪನಿಗೆ ಫೋನ್ ಮಾಡಿದ್ರೆ ಅಲ್ಲಿನ ಹುಡುಗಿ, "ರದ್ದು ಮಾಡೋಕೆ ಸದಸ್ಯರು ಖುದ್ದಾಗಿ ಮಾತಾಡ್ಬೇಕು ಮೇಡಂ" ಅಂದ್ಲು. "ತೀರ್ಕೊಂಡಿದಾಳಮ್ಮ" ಅಂದೆ. "ಆದ್ರೂ ಅವರೇ ಮಾತಾಡ್ಬೇಕು." ಮಾರನೇ ದಿನ ನಾನೇನು ಮಾಡ್ದೆ ಗೊತ್ತಾ? ನಿನ್ನ ಫೋನಿಂದ ಮಾಡಿ, "ನಾನೇ ಸರೋಜಮ್ಮ" ಅಂದ್ಬಿಟ್ಟೆ. ನೀನು ಹುಟ್ಟಿದ ತಾರೀಕು ಹೇಳಿದೆ. ನಂಬಿದ್ರು. "ರದ್ದಾದ್ರೆ ನೀವು ಹಾಡಿರೋದೆಲ್ಲಾ ಅಳಿಸಿಹೋಗುತ್ತೆ. ಒಪ್ಪಿಗೆನಾ ಸರೋಜಮ್ಮ?" ಅಂದ್ರು. ನಿನ್ನ ದನಿ ಅಳಿಸೋಕೆ ನಿನ್ನ ಹೆಸರಲ್ಲಿ ನಾನು ಹೂಂ ಅನ್ನಬೇಕಿತ್ತು. ಹೂಂ ಅನ್ನದೆ ಫೋನ್ ಇಟ್ಬಿಟ್ಟೆ.

ಎರಡು ದಿನ ಅನ್ನ ಸೇರ್ಲಿಲ್ಲ. ಸುಳ್ಳು ಹೇಳಿದ್ದಕ್ಕೆ ಪೊಲೀಸರು ಬಂದ್ರೆ? ನಿನ್ನ ಮಗಳು ರೇಖಾ ದಿನಾ ಕೇಳೋ ಹಾಡುಗಳು ಹೋಗ್ಬಿಟ್ರೆ? ಕೊನೆಗೆ ರೇಖಾನೇ ಸರ್ಕಾರದ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಲು. ಎಲ್ಲಾ ಹೇಳ್ಬಿಟ್ಟೆ, ಆ ಸುಳ್ಳನ್ನೂ. ಆ ಕಡೆಯ ಹೆಂಗಸು, "ಹೆದರ್ಬೇಡಿ ಅಮ್ಮ. ಸೇರೋಕೆ ಒಂದು ಸಲ ಒತ್ತಿದ್ರೆ ಸಾಕು, ಬಿಡೋಕೆ ಸತ್ತವರನ್ನ ಕರೀಬೇಕಾ? ಇಂಥದ್ದನ್ನ ಕೇಳೋಕೇ ನಾವಿರೋದು" ಅಂತ ದೂರು ಬರ್ಕೊಂಡ್ರು. ನಿನ್ನ ಮರಣ ಪ್ರಮಾಣಪತ್ರ ಕಳಿಸಿದ್ವಿ. ಬ್ಯಾಂಕಿಗೂ ಹೋಗಿ, ತಾನಾಗೇ ದುಡ್ಡು ಹೋಗೋದನ್ನ ನಿಲ್ಲಿಸಿದ್ವಿ.

ನಿನ್ನೆ ಉತ್ತರ ಬಂತು. ಸದಸ್ಯತ್ವ ರದ್ದಾಯ್ತು, ದುಡ್ಡು ವಾಪಸ್ ಬಂತು, ಹಾಡುಗಳನ್ನ ರೇಖಾ ಫೋನಿಗೆ ಕಳಿಸಿದಾರೆ. ಆದ್ರೂ ಎಲ್ಲಾದ್ರೂ ಫೋನ್ ಸದ್ದಾದ್ರೆ ಈಗ್ಲೂ ಮೊದ್ಲು ನಿನ್ನ ಫೋನೇ ನೋಡ್ತೀನಿ ಕಣಕ್ಕ.

ನಿನಗೆ ಗೊತ್ತಿಲ್ಲದ್ದೊಂದು ಹೇಳ್ಬೇಕು. ರೇಖಾಗೆ ಈಗ ಮೂರು ತಿಂಗಳು. ಹೆದರ್ಕೊಂಡಿದಾಳೆ, ಅಮ್ಮ ಬೇಕು ಅಂತಾಳೆ. ನನಗೇನು ಧೈರ್ಯ ಇದೆಯಾ? ಇಲ್ಲ. ಆದ್ರೆ ಹೆರಿಗೆ ದಿನ ಆಸ್ಪತ್ರೆ ಬಾಗಿಲಲ್ಲಿ ನಾನಿರ್ತೀನಿ.

ನಿನ್ನ ತಂಗಿ
ಮಂಜುಳ