ಕೆಂಪು ದೀಪ ಮರೆತ ಜಗಳ

೧೪ ಡಿಸೆಂಬರ್, ರವಿವಾರ. ಸವಣೂರು.

ಮೂರು ತಿಂಗಳಿಂದ ನನ್ನನ್ನು ಕಾಡಿದ್ದು ಒಂದೇ. ಈ ಸೀಮೆಯ ಆಡುಮಾತನ್ನು ಕಂಪ್ಯೂಟರಿಗೆ ಏರಿಸುತ್ತೇನೆಂದು ಪಿಎಚ್‌ಡಿಗೆ ಸೇರಿದೆ. ಆದರೆ ರೆಕಾರ್ಡರಿನ ಕೆಂಪು ದೀಪ ಹತ್ತಿದರೆ ಸಾಕು, ಎಲ್ಲರೂ ವಾರ್ತೆ ಓದುವವರಾಗಿಬಿಡುತ್ತಾರೆ. ‘ಇದು ಮಾತಲ್ಲ ಜಯಶ್ರೀ, ಬರೇ ಪಾಠ’ ಎಂದು ಗೈಡ್ ಹೋದ ವಾರ ಅಷ್ಟೂ ರೆಕಾರ್ಡಿಂಗುಗಳನ್ನು ತಿರುಗಿಸಿ ಕೊಟ್ಟರು.

ಇವತ್ತು ಎಲೆತೋಟದಲ್ಲಿ ನಮ್ಮ ಓಣಿಯ ಶಂಕ್ರವ್ವ, ಮರಿಯಮಬಿ ಇಬ್ಬರೂ ವೀಳ್ಯದೆಲೆ ಪೆಂಡಿ ಕಟ್ಟುತ್ತಿದ್ದರು. ಅವರನ್ನು ಕೇಳಿಯೇ ರೆಕಾರ್ಡರ್ ಇಟ್ಟೆ.

‘ನಾವು ಎಲೆಗಳನ್ನು ಮುಂಜಾನೆ ಕೊಯ್ಯುತ್ತೇವೆ’ ಎಂದಳು ಶಂಕ್ರವ್ವ. ನನಗೆ ಅಳುವೇ ಬಂತು. ಹೇಳುತ್ತಲೇ ಅವಳು ಪೆಂಡಿಯ ಮೇಲೆ ಇನ್ನಷ್ಟು ನೀರು ಚಿಮುಕಿಸಿದಳು.

‘ಎಷ್ಟ್ ನೀರ್ ಹೊಡೀತಿಯವ್ವಾ! ಹುಬ್ಬಳ್ಳಿ ಮುಟ್ಟೂದ್ರಾಗ ಎಲಿ ಕೊಳೀತಾವ!’ ಮರಿಯಮಬಿ ಸಿಡಿದಳು.

‘ನನಗ ಕಲಸ್ತಿಯೇನ? ನೀ ಕಟ್ಟಿದ್ದು ಒಣಗಿ ಹಪ್ಪಳ ಆಗಿ ವಾಪಸ್ ಬಂದಿತ್ತಲ್ಲ, ಮರತ್ಯಾ?’

ಜಗಳ ನಡೆದದ್ದು ನಲವತ್ತೊಂದು ನಿಮಿಷ! ಮುಗಿದ ಮೇಲೆ ರೆಕಾರ್ಡಿಂಗನ್ನು ಇಬ್ಬರಿಗೂ ಕೇಳಿಸಿ, ‘ಇದನ್ನ ಇಟ್ಕೊಳ್ಲೇನ್ರಿ?’ ಎಂದೆ.

‘ಒಂದ್ ಮಾತೂ ತಗೀಬ್ಯಾಡ ತಂಗಿ. ಈಕಿ ಸೋತಿದ್ದು ಯುನಿವರ್ಸಿಟಿಗೆಲ್ಲ ಕೇಳ್ಲಿ’ ಎಂದಳು ಮರಿಯಮಬಿ.

‘ಯಾರ್ ಸೋತಾರ?’ ಶಂಕ್ರವ್ವ ಎದ್ದೇ ನಿಂತಳು.

ಮತ್ತೆ ಗುಂಡಿ ಒತ್ತಿದೆ. ಕೆಂಪು ದೀಪದ ಕಡೆ ಇಬ್ಬರೂ ತಿರುಗಿಯೂ ನೋಡಲಿಲ್ಲ.

ಈಗ ಕೇಳಿ ಕೇಳಿ ಬರೆದಿಳಿಸುತ್ತಿದ್ದೇನೆ. ಕಣ್ಣು ಎಳೆಯುತ್ತಿದೆ, ನಗು ಮಾತ್ರ ನಿಲ್ಲುತ್ತಿಲ್ಲ. ಪಾಠ ಅಂದ್ರಲ್ಲ ಸರ್, ಈಗ ಹೇಳ್ರಿ ನೋಡೂಣು!